ಹಾಲಿನ ಡೇರಿಯಲ್ಲಿ ಬಿಪಿ ನೋಡಿದ್ದು

2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಟಿವಿ ತುಂಬ ಓಡುತ್ತಿದ್ದಾಗ, ಮದ್ದೂರು ಕಡೆಯ ನಮ್ಮೂರಿನವರೂ ಬೆಳಗಿನ ಜಾವವೇ ಎದ್ದು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಇಸಿಜಿ ಸರಿಯಿದೆ ಅಂದಿದ್ದೇ ತಡ, ನಿರಾಳವಾಗಿ ವಾಪಸ್ ಬಂದರು. ಇವತ್ತಿನ ಇಸಿಜಿ ನಾಳೆಗೆ ಗ್ಯಾರಂಟಿ ಅಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ತಮ್ಮ ಬಿಪಿ ಎಷ್ಟೆಂದು ಗೊತ್ತಿರಲಿಲ್ಲ. ಅದನ್ನು ನೋಡುವ ಉಪಕೇಂದ್ರ ಮಾತ್ರ ಕೂಗಳತೆಯಲ್ಲಿತ್ತು.

ಆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ನಾನು. ಮೂವತ್ತು ದಾಟಿದ ಎಲ್ಲರ ಬಿಪಿ, ಶುಗರ್ ನೋಡಬೇಕು. ಹೆಂಗಸರು ಬರುತ್ತಾರೆ. ಗಂಡಸರ ಲೆಕ್ಕದಲ್ಲಿ ಅದು ಬಸುರಿ ಬಾಣಂತಿಯರ ಜಾಗ. ಆಶಾ ಕಾರ್ಯಕರ್ತೆ ಮನೆಗೆ ಹೋದರೆ ಇವರು ಗದ್ದೆಯಲ್ಲಿ. ಎರಡು ಹೊತ್ತೂ ತಪ್ಪದೆ ಅವರು ಸಿಗುವ ಜಾಗ ಹಾಲಿನ ಡೇರಿ.

ಅಲ್ಲೇ ಬಿಪಿ ನೋಡುತ್ತೇವೆ ಅಂದಾಗ ಡೇರಿ ಸೆಕ್ರೆಟರಿ ಒಂದೇ ಷರತ್ತು ಹಾಕಿದರು: ಹಾಲು ಅಳೆಯುವ ಸಾಲು ನಿಲ್ಲಬಾರದು. ಅದಕ್ಕೆ ಹಾಲು ಹಾಕಿ ಹೊರಟವರನ್ನು ಹಿಂದಿನ ಕೋಣೆಗೆ ಕರೆದೆವು. ಬಾಗಿಲ ಬಳಿ ನೋಡಿದ್ದರೆ ಒಬ್ಬನ ಬಿಪಿ ಊರಿಗೆಲ್ಲ ಡಂಗುರ. ಕ್ಯಾನು ಹೊತ್ತು, ಬೀಡಿ ಎಳೆದು ಬಂದವನಿಗೆ ತಕ್ಷಣ ಪಟ್ಟಿ ಸುತ್ತಿದರೆ ಅಂಕಿ ಏರಿಯೇ ಇರುತ್ತದೆ. ಬೀಡಿ, ಕಾಫಿ ಆಗಿ ಅರ್ಧ ಗಂಟೆ ಕಳೆದಿರಬೇಕು. ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಒರಗು, ಪಾದ ನೆಲಕ್ಕೆ, ಕೈ ಎದೆಯ ಮಟ್ಟಕ್ಕೆ. ಎರಡು ಸಲ ನೋಡಿ, 140/90 ದಾಟಿದ್ದರೆ ಇನ್ನೊಂದು ದಿನ ಮತ್ತೆ ನೋಡಿ, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಬಳಿಗೆ. ಇಷ್ಟಕ್ಕೆಲ್ಲ ಜನ ಕೂತದ್ದು ನಮ್ಮ ಕರಪತ್ರಕ್ಕಲ್ಲ, ಸೆಕ್ರೆಟರಿಯ ಮಾತಿಗೆ: "ಹಸೀನ ಹಾಲಿನ ಫ್ಯಾಟ್ ಬಾಯಲ್ಲೇ ಹೇಳ್ತೀಯ, ನಿನ್ ಬಿಪಿ ಎಷ್ಟಪ್ಪ?"

ಬಿಪಿ ಪತ್ತೆ ಹಚ್ಚುವುದು ಸುಲಭದ ಭಾಗ. ತಲೆಸುತ್ತು ನಿಂತಿತು ಅಂತ ಎರಡನೇ ತಿಂಗಳಿಗೇ ಮಾತ್ರೆ ಬಿಡುವವರದ್ದೇ ದೊಡ್ಡ ತಲೆನೋವು. ಲಾಸ್ ಏಂಜಲೀಸ್‌ನ ಕ್ಷೌರದಂಗಡಿಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಕಣ್ಣು ತೆರೆಸುತ್ತದೆ. ಫಾರ್ಮಸಿಸ್ಟ್ ಅಂಗಡಿಗೇ ಬಂದು ಮಾತ್ರೆ ಶುರುಮಾಡಿಸಿದವರಲ್ಲಿ ಆರು ತಿಂಗಳಲ್ಲಿ ಮೇಲಿನ ಅಂಕಿ ಸರಾಸರಿ 27 ಇಳಿದಿತ್ತು. ಕ್ಷೌರಿಕರ ಸಲಹೆಯಷ್ಟೇ ಸಿಕ್ಕವರಲ್ಲಿ 9. ಹಾಗಾಗಿ ನಾವೂ ತಿಂಗಳ ಮಾತ್ರೆ ಹಂಚುವುದನ್ನು ಬಟವಾಡೆ ದಿನಕ್ಕೇ ಕಟ್ಟಿಹಾಕಿದೆವು. ಹಾಲಿನ ದುಡ್ಡು ಬಿಟ್ಟು ಯಾರೂ ಹೋಗುವುದಿಲ್ಲ. ಬಾರದವರ ಹೆಸರು ಅವತ್ತೇ ಆಶಾ ಕೈ ಸೇರುತ್ತದೆ.

ಉಪ್ಪಿನ ಮಾತು ಮಾತ್ರ ಡೇರಿಯಲ್ಲಿ ನಡೆಯಲಿಲ್ಲ, ಸ್ತ್ರೀಶಕ್ತಿ ಸಂಘದಲ್ಲಿ ನಡೆಯಿತು. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಂಡ್ಯದಲ್ಲಿ ಉಪ್ಸಾರು ಬಿಡಿ ಅಂದರೆ ನಮ್ಮನ್ನೇ ಬಿಡುತ್ತಾರೆ! ಸಂಘದ ಅಧ್ಯಕ್ಷೆಯೇ ದಾರಿ ಹುಡುಕಿದರು: ಸೊಪ್ಪು, ಕಾಳು ಬೇಯಿಸುವ ನೀರಿಗೆ ಉಪ್ಪೇ ಹಾಕಬೇಡಿ, ಖಾರ ಅರೆಯುವಾಗ ಮಾತ್ರ ಹಾಕಿ. ಖಾರ ಮುದ್ದೆಗೆ ತಾಗುವುದರಿಂದ ನಾಲಿಗೆಗೆ ಸಪ್ಪೆ ಅನ್ನಿಸುವುದಿಲ್ಲ. ಮನೆಯ ಗಂಡಸರಿಗೆ ಹೇಳದೆಯೇ ಶುರುಮಾಡಿದವರೂ ಇದ್ದಾರೆ.

ಹಾಲಿನ ಟೆಂಪೋ, ಆಟೋ ಓಡಿಸುವವರನ್ನು ಬೇರೆ ಕೂರಿಸಿಕೊಂಡೆವು. ಲಕ್ವ ಹೊಡೆದರೆ ಮೊದಲು ನಾಟಿ ಔಷಧಿಗೆ ಓಡುವುದು ಇಲ್ಲಿನ ರೂಢಿ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ, ನೇರ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ. ರಕ್ತ ಹೆಪ್ಪುಗಟ್ಟಿ ಮೆದುಳಿನ ರಕ್ತನಾಳ ಕಟ್ಟಿಕೊಂಡಿದ್ದರೆ ಆ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯಷ್ಟೇ ಗಡುವು. ರಕ್ತಸ್ರಾವವೂ ಆಗಿರಬಹುದಾದ್ದರಿಂದ ಸ್ಕ್ಯಾನಿಗೆ ಮುಂಚೆ ಆಸ್ಪಿರಿನ್ ನುಂಗಿಸಕೂಡದು. ಎದೆನೋವಾದರೆ ತಾಲ್ಲೂಕು ಆಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲೇ ಇಸಿಜಿ ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ.

ಹಸು ಇಲ್ಲದವರು ಡೇರಿಗೆ ಬರುವುದಿಲ್ಲ. ಕಬ್ಬು ಕಡಿಯುವ ಕೂಲಿಯವರು ಹಾಗೇ ಉಳಿದುಬಿಟ್ಟಿದ್ದಾರೆ. ಆಲೆಮನೆಯವರೊಬ್ಬರನ್ನು ಕೇಳಿದ್ದೇವೆ, ಸಂಜೆ ಕೂಲಿ ಬಟವಾಡೆ ಹೊತ್ತಿಗೆ ಬನ್ನಿ, ಹಗಲು ಬೇಡ ಅಂದಿದ್ದಾರೆ.