ಹೆಡ್‌ಫೋನ್ ಆಂಪ್ಲಿಫೈಯರ್: ಮಿಲಿವ್ಯಾಟ್ ಬಿಡಿ, ವೋಲ್ಟ್ ನೋಡಿ

ಗದಗಿನಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣಾ, 80 ಮಿಲಿವ್ಯಾಟಿನ ಆಂಪ್ಲಿಫೈಯರ್ ತಗೊಂಡ್ರ ಸಾಕಾಗ್ತದೇನು?" ಅವನ ಹೆಡ್‌ಫೋನೂ ನನ್ನದರಂಥದ್ದೇ: ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ, 250 ಓಮ್ (ಓಮ್ ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ). ಬೇಡ ಅಂದೆ. ಯಾಕಂದ್ರೆ ನಾನು ಅಂಥದೇ ಆಂಪ್ಲಿಫೈಯರ್ ತಂದು ಕೈ ಸುಟ್ಟುಕೊಂಡವನು.

ಧಾರವಾಡದ ಮನೆಯಲ್ಲಿ ರಾತ್ರಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುತ್ತಿದ್ದೆ. ಆಲಾಪ ಸಣ್ಣಗೆ ಕೇಳಿತು, ವಾಲ್ಯೂಮ್ ತುದಿಯವರೆಗೆ ತಿರುಗಿಸಿದೆ. ತಾನ್ ಮೇಲೇರಿದ ಕೂಡಲೇ ದನಿ ಚರ್ ಅಂತ ಒಡೆಯಿತು. ವೈರ್ ಕೆಟ್ಟಿದೆ ಅಂದುಕೊಂಡು ಪಿನ್ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಏನೂ ಬದಲಾಗಲಿಲ್ಲ. ಆಂಪ್ಲಿಫೈಯರ್‌ಗೆ ವೋಲ್ಟೇಜೇ ಸಾಲುತ್ತಿರಲಿಲ್ಲ.

ಲೆಕ್ಕ ಹೀಗೆ. ಈ ಹೆಡ್‌ಫೋನ್ 1 ಮಿಲಿವ್ಯಾಟಿಗೆ 96 ಡೆಸಿಬಲ್ ಕೊಡುತ್ತದೆ. ತಾನಿನ ಏರಿಗೆ, ಕ್ಷಣಮಾತ್ರ, 110 ಇರಲಿ. ಮಾಮೂಲಿ ಕೇಳುವ ಮಟ್ಟ ಇದಕ್ಕಿಂತ ಎಷ್ಟೋ ಕಡಿಮೆ, ಕಿವಿ ಉಳಿಸಿಕೊಳ್ಳಬೇಕಲ್ವಾ. ಹೆಚ್ಚು ಬೇಕಾದದ್ದು 14 ಡೆಸಿಬಲ್. 10 ಡೆಸಿಬಲ್‌ಗೆ ಮಿಲಿವ್ಯಾಟ್ ಹತ್ತು ಪಟ್ಟು, ಇನ್ನು 4ಕ್ಕೆ ಎರಡೂವರೆ ಪಟ್ಟು. ಒಟ್ಟು 25 ಮಿಲಿವ್ಯಾಟ್. ಇದನ್ನು ವ್ಯಾಟಿಗೆ ತಿರುಗಿಸಿ, ಓಮ್‌ನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ: 0.025 × 250 = 6.25, ಅಂದರೆ 2.5 ವೋಲ್ಟ್.

ಈಗ ಡಬ್ಬಿಯ ಮೇಲಿನ 80 ಮಿಲಿವ್ಯಾಟ್ ನೋಡಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 32 ಓಮ್‌ಗೆ ಅಂತ ಇತ್ತು. ಅದೇ ಲೆಕ್ಕ ಮಾಡಿದರೆ ಅದರ ತಾಕತ್ತು 1.6 ವೋಲ್ಟ್ ಅಷ್ಟೇ. 250 ಓಮ್‌ಗೆ ಆ ವೋಲ್ಟ್ ಹಾಕಿದರೆ ಬರುವುದು ಬರೀ 10 ಮಿಲಿವ್ಯಾಟ್. ತಾನ್ ಒಡೆಯದೆ ಇನ್ನೇನಾಗುತ್ತೆ! ಅದೇ 32 ಓಮ್, 100 ಡೆಸಿಬಲ್‌ನ ಹೆಡ್‌ಫೋನ್ ಇದ್ದಿದ್ದರೆ 0.57 ವೋಲ್ಟ್ ಸಾಕು. ಮೊಬೈಲೇ ನಡೆಯುತ್ತೆ.

ಕೆಲವು ಕಂಪನಿಯವರು ಡೆಸಿಬಲ್ಲನ್ನು 1 ಮಿಲಿವ್ಯಾಟಿಗೆ ಬದಲು 1 ವೋಲ್ಟಿಗೆ ಕೊಟ್ಟಿರುತ್ತಾರೆ. ಸೆನ್‌ಹೈಸರ್ ಎಚ್‌ಡಿ 650 ಹಾಗೆ, 103. 110 ಬೇಕೆಂದರೆ ಸುಮಾರು 2.2 ವೋಲ್ಟ್. ಮಿಲಿವ್ಯಾಟಿನ ಅಂಕಿಯನ್ನೂ ವೋಲ್ಟಿನ ಅಂಕಿಯನ್ನೂ ನೇರವಾಗಿ ಹೋಲಿಸಬೇಡಿ.

ಮನೆಯಲ್ಲಿರುವ ಆಂಪ್ಲಿಫೈಯರನ್ನು ಅಳೆಯುವುದು ಸುಲಭ. ಹೆಡ್‌ಫೋನ್ ತೆಗೆದು, ಅದರ ಜಾಗದಲ್ಲಿ 220 ಓಮ್ ರೆಸಿಸ್ಟರ್ ಹಾಕಿ. ಕಾಲು ವ್ಯಾಟಿಂದು ಸಾಕು. ಮೊಬೈಲಿನಲ್ಲಿ 50 ಹರ್ಟ್ಸ್ ಟೋನ್ ಹಚ್ಚಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು, ರೆಸಿಸ್ಟರಿನ ಎರಡು ತುದಿಗೆ ಹಿಡಿದು, ನಿಧಾನವಾಗಿ ವಾಲ್ಯೂಮ್ ಏರಿಸಿ. ಗುಂಡಿ ತಿರುಗಿಸಿದರೂ ಅಂಕಿ ಮೊದಲಿನಷ್ಟು ಏರದೆ ಹಿಂದುಳಿಯಲು ಶುರುವಾದರೆ ಹೆಚ್ಚುಕಡಿಮೆ ಅದೇ ಅದರ ಮಿತಿ. ಬೇರೆ ಓಮ್‌ನ ರೆಸಿಸ್ಟರ್ ಬೇಡ, ನಿಮ್ಮ ಹೆಡ್‌ಫೋನಿನ ಓಮ್‌ಗೆ ಹತ್ತಿರದ್ದೇ ಇರಲಿ.

ಕರೆಂಟ್ ಹೋದಾಗಲೂ ಕೇಳಬೇಕೆಂದು ಬ್ಯಾಟರಿಯಲ್ಲಿ ಆಂಪ್ಲಿಫೈಯರ್ ಕಟ್ಟುವವರಿಗೆ ಒಂದು ಮಾತು. ಮೇಲಿನ ಲೆಕ್ಕದ 2.5 ವೋಲ್ಟ್ ಒಂದು ಬಗೆಯ ಸರಾಸರಿ, ಅಲೆಯ ತುದಿ 3.5 ವೋಲ್ಟ್. ಒಂದೇ 9 ವೋಲ್ಟ್ ಬ್ಯಾಟರಿಯನ್ನು ಎರಡು ಪಾಲು ಮಾಡಿದರೆ ಒಂದೊಂದು ಕಡೆ 4.5 ಸಿಗುತ್ತೆ. ಎನ್‌ಇ5532 ಅಂಥ ಐಸಿ (ಸಿಗ್ನಲ್ ಹಿಗ್ಗಿಸುವ ಚಿಪ್) ಅದರಲ್ಲಿ ಒಂದೂವರೆ, ಎರಡು ವೋಲ್ಟ್ ತಾನೇ ಇಟ್ಟುಕೊಳ್ಳುತ್ತೆ. ಉಳಿಯುವುದು ಎರಡೂವರೆ, ಮೂರು, ಅದು 3.5ಕ್ಕೆ ಸಾಲದು. ತಮ್ಮನಿಗೆ ಎರಡು ಬ್ಯಾಟರಿ ಹಾಕಿಸಿದ್ದೇನೆ, ಪ್ಲಸ್ ಕಡೆಗೆ ಒಂದು, ಮೈನಸ್ ಕಡೆಗೆ ಒಂದು.