ದೊಡ್ಡವರಿಗೆ ಸೈಕಲ್ ಕಲಿಸುವುದಾದರೆ ಮೊದಲು ಪೆಡಲ್ ಬಿಚ್ಚಿ

ನಾನು ಸೈಕಲ್ ಕಲಿತದ್ದು 44ನೇ ವಯಸ್ಸಿಗೆ. ಅದಕ್ಕೂ ಮೊದಲು ಮೂರು ಜನ ಕಲಿಸಲು ನೋಡಿದ್ದರು. ಮೂವರದ್ದೂ ಒಂದೇ ಪಾಠ: ಸೀಟಿನ ಹಿಂದೆ ಹಿಡಿದುಕೊಂಡು "ತುಳಿ, ತುಳಿ, ನಾನು ಹಿಡ್ಕೊಂಡಿದೀನಿ" ಅನ್ನುತ್ತಾ ಓಡುವುದು, ಆಮೇಲೆ ಹೇಳದೆ ಕೇಳದೆ ಕೈಬಿಡುವುದು. ಮೂರು ಸಲವೂ ಬಿದ್ದೆ. ಮೊಣಕೈ ತರಚಿದ್ದಕ್ಕಿಂತ ಆ ಸುಳ್ಳಿಗೇ ಹೆಚ್ಚು ಸಿಟ್ಟು ಬಂದಿತ್ತು. ಮಕ್ಕಳಾದರೆ ಬಿದ್ದು, ಅತ್ತು, ಮರೆತುಬಿಡುತ್ತವೆ. ದೊಡ್ಡವರ ಮೈ ಮರೆಯುವುದಿಲ್ಲ. ಮುಂದಿನ ಸಲ ಹ್ಯಾಂಡಲ್ ಮುಟ್ಟಿದ ಕೂಡಲೇ ಭುಜ ಬಿಗಿದುಕೊಳ್ಳುತ್ತದೆ.

ಈಗ ಒಂಬತ್ತು ವರ್ಷದಿಂದ ವಾರಕ್ಕೊಂದು ದಿನ ನಾನೇ ದೊಡ್ಡವರಿಗೆ ಕಲಿಸುತ್ತಿದ್ದೇನೆ. ನನ್ನ ತರಗತಿಯಲ್ಲಿ ಎರಡೇ ನಿಯಮ. ಯಾರ ಸೈಕಲ್ಲನ್ನೂ ಯಾರೂ ಹಿಡಿಯುವಂತಿಲ್ಲ. ಪಾನಾ ಹಿಡಿಯದವರು ಸೀಟು ಹತ್ತುವಂತಿಲ್ಲ. ಎರಡನೆಯದನ್ನು ಕೇಳಿ ಹಲವರು ಮುಖ ಸಣ್ಣ ಮಾಡುತ್ತಾರೆ, ರಿಪೇರಿ ಕಲಿಯಲು ಬಂದವರಲ್ಲ ಅವರು. ಆದರೆ ನಾನು ಕಂಡಂತೆ ದೊಡ್ಡವರ ಹೆದರಿಕೆಯಲ್ಲಿ ಅರ್ಧ ಬೀಳುವುದರದ್ದು, ಇನ್ನರ್ಧ ಆ ಯಂತ್ರದ ಮೇಲಿನ ಅಪನಂಬಿಕೆಯದ್ದು. ಬ್ರೇಕ್ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿನಿಂದ ಸವರಿ ನೋಡಿದವರು ಬ್ರೇಕನ್ನು ನಂಬುತ್ತಾರೆ. ನಂಬಿದವರ ಭುಜ ಇಳಿಯುತ್ತದೆ.

ಒಬ್ಬರೇ ಕಲಿಸುವುದಾದರೆ ಆರು ಜನಕ್ಕಿಂತ ಹೆಚ್ಚು ಬೇಡ. ಜಾಗ ಗಟ್ಟಿ ನೆಲದ್ದಾಗಿರಲಿ, ವಾಹನ ಬಾರದಿರಲಿ, ಕಣ್ಣಿಗೆ ಕಾಣದಷ್ಟು ಇಳಿಜಾರಿದ್ದರೆ ಇನ್ನೂ ಒಳ್ಳೆಯದು. ಬಿದ್ದರೂ ಮೆತ್ತಗಿರುತ್ತದೆ ಎಂದು ಹುಲ್ಲಿನ ಮೇಲೆ ಶುರುಮಾಡುವವರಿದ್ದಾರೆ. ಹುಲ್ಲು ಚಕ್ರವನ್ನು ಹಿಡಿದು ಎಳೆಯುತ್ತದೆ, ಸೈಕಲ್ ಓಡದಿದ್ದರೆ ನಿಲ್ಲುವುದೂ ಇಲ್ಲ, ಹಾಗಾಗಿ ಹುಲ್ಲಿನಲ್ಲೇ ಹೆಚ್ಚು ಬೀಳುತ್ತಾರೆ. ಸೈಕಲ್ ಕಲಿಯುವವರ ಎತ್ತರಕ್ಕಿಂತ ಚಿಕ್ಕದಿದ್ದರೂ ನಡೆಯುತ್ತದೆ, ದೊಡ್ಡದಂತೂ ಬೇಡವೇ ಬೇಡ. ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಶೂ ಲೇಸಿನ ತುದಿ ಒಳಗೆ ಸಿಕ್ಕಿಸಿ, ಚೈನ್ ಕಡೆಯ ಪ್ಯಾಂಟಿನ ತುದಿ ಮಡಚಿ.

ಹೆಲ್ಮೆಟ್ ಬಗ್ಗೆ ಒಂದು ಮಾತು. ಹಣೆ ಕಾಣುವಂತೆ ಹಿಂದಕ್ಕೆ ಸರಿಸಿ ಹಾಕಿಕೊಂಡರೆ ಅದು ಬರೀ ಟೋಪಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಅದರ ಅಂಚು, ಕಿವಿಯ ಕೆಳಗೆ ಪಟ್ಟಿಗಳ ಕೂಡುವಿಕೆ, ಗಲ್ಲದಡಿ ಒಂದೆರಡು ಬೆರಳು ತೂರುವಷ್ಟು ಸಡಿಲ. ಒಮ್ಮೆ ಜೋರಾಗಿ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬದಲಿಸಿ.

ಮೊದಲ ದಿನ ಯಾರೂ ಓಡಿಸುವುದಿಲ್ಲ, ಪೆಡಲ್ ಬಿಚ್ಚುತ್ತೇವೆ. ಬಹುತೇಕ ಪೆಡಲ್‌ಗಳಿಗೆ 15 ಎಂಎಂ ಪಾನಾ ಬೇಕು. ಬಲಗಡೆಯದು ಎಲ್ಲ ನಟ್ಟುಗಳಂತೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಬಿಚ್ಚುತ್ತದೆ. ಎಡಗಡೆಯದು ಉಲ್ಟಾ. ಇದು ಗೊತ್ತಿಲ್ಲದೆ ನಾನು ಮೊದಲ ಸಲ ಎಡ ಪೆಡಲಿನ ಮೇಲೆ ಮುಕ್ಕಾಲು ಗಂಟೆ ಬಿದ್ದು ಎದ್ದಿದ್ದೆ. ಪಾನಾದ ಹಿಡಿಗೆ ಪೈಪ್ ತೂರಿಸಿ ಮೈಭಾರ ಹಾಕಿ ತಿರುಗಿಸಿದೆ. ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನಷ್ಟು ಬಿಗಿಯುತ್ತಲೇ ಇದ್ದೆ. ಕೊನೆಗೆ ಪಾನಾ ಜಾರಿ ಬೆರಳಿನ ಗೆಣ್ಣು ಚೈನ್‌ವೀಲಿನ ಹಲ್ಲಿಗೆ ತಾಗಿತು. ಆ ಗುರುತು ಇನ್ನೂ ಇದೆ, ತರಗತಿಯಲ್ಲಿ ತೋರಿಸುತ್ತೇನೆ. ಹೀಗೆ ಉಲ್ಟಾ ಮಾಡಿರುವುದಕ್ಕೆ ಕಾರಣವಿದೆ. ತುಳಿಯುವಾಗ ಬೀಳುವ ಒತ್ತಡ ಪೆಡಲಿನ ಅಚ್ಚಿನ ಸುತ್ತ ತಿರುಗುತ್ತಲೇ ಇರುತ್ತದೆ. ಎಡಗಡೆಯೂ ಮಾಮೂಲಿ ಥ್ರೆಡ್ ಇದ್ದಿದ್ದರೆ ಆ ತಿರುಗುವ ಒತ್ತಡಕ್ಕೆ ಅದು ಚೂರುಚೂರೇ ಸಡಿಲವಾಗಿ ದಾರಿಯಲ್ಲೇ ಕಳಚಿಕೊಳ್ಳುತ್ತಿತ್ತು.

ದಿಕ್ಕು ನೆನಪಿಟ್ಟುಕೊಳ್ಳುವ ಗೋಜೇ ಬೇಡ. ಪಾನಾವನ್ನು ಹಿಡಿ ಮೇಲ್ಮುಖವಾಗಿರುವಂತೆ ಕೂರಿಸಿ. ಎಡವಾಗಲಿ ಬಲವಾಗಲಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಚ್ಚುತ್ತದೆ, ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಬಿಗಿಯುತ್ತದೆ. ವಾಪಸ್ ಹಾಕುವಾಗ ಥ್ರೆಡ್ಡಿಗೆ ಚೂರು ಗ್ರೀಸ್ ಹಚ್ಚಿ ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ತಿರುಗಿಸಿ. ಓರೆಯಾಗಿ ಕೂತ ಪೆಡಲನ್ನು ಪಾನಾ ಹಾಕಿ ನುಗ್ಗಿಸಿದರೆ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕೇ ಹಾಳಾಗುತ್ತದೆ.

ಪೆಡಲ್ ಬಿಚ್ಚಿದ ಸೈಕಲ್ಲನ್ನು ತಳ್ಳಿಕೊಂಡು ನಡೆಯುತ್ತಾ ಬ್ರೇಕ್ ಪಾಠ. ಯಾವ ಕೈಯದು ಯಾವ ಚಕ್ರದ ಬ್ರೇಕ್ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ಪ್ರತಿ ಹೊಸ ಸೈಕಲ್ಲಿನಲ್ಲೂ ಹಿಡಿದು ನೋಡಿಯೇ ತಿಳಿಯಬೇಕು. ತಳ್ಳುತ್ತಾ ಹಿಂದಿನದೊಂದನ್ನೇ ಹಿಡಿಯಿರಿ: ಚಕ್ರ ಎಳೆದುಕೊಂಡು ಬರುತ್ತದೆ. ಮುಂದಿನದೊಂದನ್ನೇ ಹಿಡಿಯಿರಿ: ಸೈಕಲ್ ತಟ್ಟನೆ ನಿಂತು ಹಿಂಭಾಗ ಮೇಲೇಳುತ್ತದೆ. ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನದರಲ್ಲೇ ಇದೆ, ಏಕೆಂದರೆ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ, ನಿಂಬೆಹಣ್ಣು ಹಿಂಡಿದ ಹಾಗೆ, ಸೊಂಟ ಕೊಂಚ ಹಿಂದಕ್ಕೆ ಸರಿಸಿ. ಹತ್ತು ಹೆಜ್ಜೆ, ಬ್ರೇಕು. ಹತ್ತು ಹೆಜ್ಜೆ, ಬ್ರೇಕು. ಬೇಜಾರಾಗುವವರೆಗೂ ಮಾಡಿಸಿ. ಬೇಜಾರಾಯಿತೆಂದರೆ ಕೈಗೆ ಬಂತು ಅಂತಲೇ ಲೆಕ್ಕ.

ಎರಡನೆಯ ದಿನ ತೇಲುವ ಪಾಠ. ಪೆಡಲ್ ಇಲ್ಲದ ಸೈಕಲ್ ಎಂದರೆ ನಗುವವರಿಗೆ ನಾನು ಹೇಳುವುದಿಷ್ಟು: 1817ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಫಾನ್ ಡ್ರೈಸ್ ಮಾಡಿದ ದ್ವಿಚಕ್ರದ ಗಾಡಿಗೆ ಪೆಡಲೇ ಇರಲಿಲ್ಲ, ಕಾಲಿನಿಂದ ನೆಲವನ್ನು ಒದ್ದುಕೊಂಡೇ ಓಡಿಸುತ್ತಿದ್ದರು. ಸಮತೋಲ ಮೊದಲು ಬಂತು, ತುಳಿಯುವುದು ಎಷ್ಟೋ ವರ್ಷದ ಮೇಲೆ. ನಾವೂ ಅದೇ ಕ್ರಮದಲ್ಲಿ ಕಲಿಯುತ್ತೇವೆ.

ಸೀಟಿನ ಮೇಲೆ ಕೂತು ಎರಡೂ ಕಾಲಿನಿಂದ ನೆಲ ಒದ್ದು ಮುಂದೆ ಹೋಗಬೇಕು. ಮೊದಮೊದಲು ಕೇಳುವುದು ಟಪಟಪ ಹೆಜ್ಜೆ ಸದ್ದು. ನಾನು ನೋಡುವುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುತ್ತೇನೆ. ಸದ್ದುಗಳ ನಡುವೆ ಬಿಡುವು ಹುಟ್ಟಿದರೆ ಪಾದ ಎತ್ತುತ್ತಿದ್ದಾರೆ ಎಂದರ್ಥ. ಆಗ ಎಣಿಕೆ ಶುರು: ಎರಡೂ ಕಾಲು ಗಾಳಿಯಲ್ಲಿದ್ದಷ್ಟು ಹೊತ್ತು ಜೋರಾಗಿ ಒಂದು, ಎರಡು, ಮೂರು ಎಂದು ಅವರೇ ಎಣಿಸಬೇಕು. ಎಣಿಸುವ ಬಾಯಿಗೆ ಕಿರುಚಲು ಪುರುಸೊತ್ತಿಲ್ಲ, ಮುಂದಿನ ಚಕ್ರ ನೋಡಲು ತಲೆಗೂ ಪುರುಸೊತ್ತಿಲ್ಲ. ಕಣ್ಣು ದೂರದ ಒಂದು ಗುರುತಿನ ಮೇಲಿರಲಿ, ಮರವೋ ಕಂಬವೋ. ಕಂಬದ ಪಕ್ಕದ ಖಾಲಿ ಜಾಗವನ್ನು ನೋಡಿ ಎಂದರೆ ಇನ್ನೂ ವಾಸಿ, ಕಣ್ಣು ಹೋದಲ್ಲಿಗೆ ಸೈಕಲ್ ಹೋಗುತ್ತದೆ.

58 ವರ್ಷದ ಮಹಿಳೆಯೊಬ್ಬರು ಎರಡು ದಿನ ನಾಲ್ಕರ ಮೇಲೆ ಎಣಿಸಿರಲಿಲ್ಲ. ಮೂರನೆಯ ದಿನ ಐದು, ಆರು, ಏಳು ಅಂದವರು ಸುಮ್ಮನಾಗಿಬಿಟ್ಟರು. ಬಿದ್ದರೇನೋ ಎಂದು ತಿರುಗಿ ನೋಡಿದರೆ ಅಂಗಳದ ಆ ತುದಿಗೆ ತೇಲಿಕೊಂಡು ಹೋಗುತ್ತಿದ್ದಾರೆ, ಎಣಿಸುವುದೇ ಮರೆತುಹೋಗಿತ್ತು. ಬ್ರೇಕ್ ಹಿಡಿದು ನಿಂತು, ತಿರುಗಿ, "ಎಷ್ಟಾಯ್ತು?" ಎಂದು ನನ್ನನ್ನೇ ಕೇಳಿದರು.

ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಬೇಕು, ಸಮತೋಲವೆಂದರೆ ಇಷ್ಟೇ. ದೊಡ್ಡವರು ಎಡಕ್ಕೆ ವಾಲಿದರೆ ಹೆದರಿ ಬಲಕ್ಕೆ ಎಳೆಯುತ್ತಾರೆ, ಬೀಳುತ್ತಾರೆ. ಇದನ್ನು ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ, ಹೇಳಿದಷ್ಟೂ ಗೊಂದಲ. ತೇಲುತ್ತಾ ತೇಲುತ್ತಾ ಕೈ ತಾನೇ ಕಲಿಯುತ್ತದೆ. ನಿಧಾನಕ್ಕೆ ಹೋದಷ್ಟೂ ಕಷ್ಟ, ತುಸು ವೇಗವಾದರೆ ಸೈಕಲ್ಲೇ ಅರ್ಧ ಕೆಲಸ ಮಾಡುತ್ತದೆ.

ಹತ್ತು ಎಣಿಸಿದವರಿಗೆ ಪೆಡಲ್ ವಾಪಸ್. ಹೊರಡುವಾಗ ಒಂದು ಪೆಡಲನ್ನು ಮುಂದೆ, ಗಡಿಯಾರದ ಎರಡು ಗಂಟೆಯ ಮುಳ್ಳಿನಷ್ಟು ಎತ್ತರಕ್ಕೆ ತಂದಿಟ್ಟುಕೊಂಡು ಒಂದೇ ಸಲ ಗಟ್ಟಿಯಾಗಿ ತುಳಿಯಬೇಕು. ಇನ್ನೊಂದು ಪೆಡಲನ್ನು ಕಾಲೇ ಹುಡುಕಿಕೊಳ್ಳುತ್ತದೆ, ಕಣ್ಣು ಹಾಕಬೇಡಿ. ಚೆನ್ನಾಗಿ ಓಡಿಸಲು ಬಂದ ಮೇಲೆ ಸೀಟು ಏರಿಸಿ: ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗುವಷ್ಟು. ಸೀಟು ತಗ್ಗಿಸಿಕೊಂಡೇ ವರ್ಷಗಟ್ಟಲೆ ಓಡಿಸಿ ಮಂಡಿ ನೋವೆಂದು ಸೈಕಲ್ ಬಿಟ್ಟವರನ್ನು ಕಂಡಿದ್ದೇನೆ.

ರಸ್ತೆಗಿಳಿಯುವ ಮುಂಚೆ ಎರಡು ಕಸರತ್ತು ಬರಲೇಬೇಕು. ಒಂದು, ಒಂದು ಕೈ ಬಿಡುವುದು. ಮೊದಲು ಬೆರಳು ಸಡಿಲಿಸಿ, ಆಮೇಲೆ ಅಂಗೈ ಎತ್ತಿ, ಆಮೇಲೆ ತೊಡೆಯ ಮೇಲಿಟ್ಟು, ಕೊನೆಗೆ ಪಕ್ಕಕ್ಕೆ ಚಾಚಿ. ಎರಡು, ಹೋಗುತ್ತಲೇ ಹಿಂದಿರುಗಿ ನೋಡುವುದು. ನಾನು ಹಿಂದೆ ನಿಂತು ಬೆರಳು ತೋರಿಸುತ್ತೇನೆ, ನೆಲದ ಮೇಲೆ ಎಳೆದ ಗೆರೆ ಬಿಡದೆ ಹೋಗುತ್ತಾ ಎಷ್ಟು ಬೆರಳೆಂದು ಕೂಗಬೇಕು. ತಲೆ ತಿರುಗಿದ ಕಡೆಗೆ ಸೈಕಲ್ಲೂ ಎಳೆಯುತ್ತದೆ, ಹತ್ತಿಪ್ಪತ್ತು ಸಲ ಮಾಡಿದ ಮೇಲೆ ನೆಟ್ಟಗಾಗುತ್ತದೆ. ಇದು ಬಾರದವರನ್ನು ನಾನು ರಸ್ತೆಗೆ ಕರೆದೊಯ್ಯುವುದಿಲ್ಲ, ಎಷ್ಟೇ ಗೋಗರೆದರೂ.

ರಸ್ತೆಗೆ ಮೊದಲ ಸಲ ನಡೆದೇ ಹೋಗುತ್ತೇವೆ. ಎಲ್ಲಿ ವಾಹನ ತಿರುಗುತ್ತದೆ, ಎಲ್ಲಿ ಗುಂಡಿ, ಎಲ್ಲಿ ಬಾಗಿಲು ತೆರೆಯುವ ಕಾರುಗಳ ಸಾಲು, ನಿಂತು ನೋಡುತ್ತೇವೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತೀರಿ. 'ಅಯ್ಯೋ' ಅನ್ನುವಷ್ಟರಲ್ಲಿ ಒಂದು ಕಾರಿನ ಉದ್ದ ಮುಗಿದಿರುತ್ತದೆ. ಅದಕ್ಕೇ ನಿಂತ ಕಾರಿನಿಂದ ಬಾಗಿಲಿನಷ್ಟು, ಅಂದರೆ ಒಂದು ಮೀಟರಿಗೂ ತುಸು ಹೆಚ್ಚೇ ದೂರ ಇರಿ, ಒಳಗೆ ತಲೆ ಕಾಣುತ್ತದೆಯೇ ನೋಡುತ್ತಿರಿ. ಹೊಸಬರು ಅಂಚಿಗೆ ಅಂಟಿಕೊಂಡೇ ಹೋಗುತ್ತಾರೆ. ಅಲ್ಲಿ ಕಸ, ಗಾಜು, ಚರಂಡಿ ಜಾಲರಿ, ಮೇಲಾಗಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಅಂಚಿನಿಂದ ಮುಕ್ಕಾಲು, ಒಂದು ಮೀಟರ್ ಒಳಗೆ ನೆಟ್ಟಗೆ ಹೋಗಿ. ನಿಂತ ಎರಡು ಕಾರುಗಳ ನಡುವಿನ ಖಾಲಿ ಜಾಗಕ್ಕೆ ನುಸುಳಿ ಮತ್ತೆ ಹೊರಬರುವುದಂತೂ ಬೇಡ, ಹಿಂದಿನವರಿಗೆ ನೀವು ಮಾಯವಾಗಿ ಪ್ರತ್ಯಕ್ಷವಾದಂತೆ.

ಲಾರಿ, ಬಸ್ಸಿನ ವಿಷಯದಲ್ಲಿ ನಾನು ಹಟಮಾರಿ. ತಿರುವಿನಲ್ಲಿ ನಿಂತ ಲಾರಿಗೂ ರಸ್ತೆಯಂಚಿಗೂ ನಡುವೆ ಎಷ್ಟೇ ಜಾಗವಿರಲಿ, ತೂರಬೇಡಿ. ಉದ್ದದ ಗಾಡಿ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿಗಿಂತ ಒಳಗೆ ಬರುತ್ತವೆ, ಆ ಜಾಗವೇ ಮುಚ್ಚಿಹೋಗುತ್ತದೆ. ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ. ಹಿಂದೆಯೇ ನಿಲ್ಲಿ. ಗಡಿಬಿಡಿಯ ವೃತ್ತ ಎದುರಾದರೆ ಇಳಿದು ತಳ್ಳಿಕೊಂಡು ದಾಟಿ, ನಾನು ಇವತ್ತಿಗೂ ಹಾಗೇ ಮಾಡುತ್ತೇನೆ. ರೈಲು ಹಳಿಯನ್ನು ಅಡ್ಡಡ್ಡ ದಾಟಿ, ಓರೆಯಾಗಿ ದಾಟಿದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ಮಳೆಯಲ್ಲಿ ಬಣ್ಣದ ಪಟ್ಟೆ, ಕಬ್ಬಿಣದ ಮುಚ್ಚಳ ಎರಡೂ ಜಾರುತ್ತವೆ, ರಿಮ್ಮಿಗೆ ಹಿಡಿಯುವ ಬ್ರೇಕ್ ತಡವಾಗಿ ಹಿಡಿಯುತ್ತದೆ. ಕತ್ತಲಾದರೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ. ಇಯರ್‌ಫೋನ್ ಜೇಬಿನಲ್ಲಿರಲಿ.

ಪ್ರತಿ ಸಲ ಹೊರಡುವ ಮುಂಚೆ ಗಾಳಿ, ಬ್ರೇಕು, ಚೈನು, ಒಂದು ನಿಮಿಷದ ಕೆಲಸ. ಗಾಳಿ ಎಷ್ಟಿರಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗ ಲಿವರ್ ಹ್ಯಾಂಡಲಿಗೆ ತಾಗಬಾರದು, ಬ್ರೇಕ್ ರಬ್ಬರ್ ರಿಮ್ಮಿಗೆ ತಾಗಬೇಕೇ ಹೊರತು ಟೈರಿಗಲ್ಲ. ಚಕ್ರಕ್ಕೆ ಕ್ವಿಕ್ ರಿಲೀಸ್ ಲಿವರ್, ಅಂದರೆ ಪಾನಾ ಇಲ್ಲದೆ ಚಕ್ರ ಬಿಚ್ಚುವ ಹಿಡಿ, ಇದ್ದರೆ ಮುಚ್ಚುವಾಗ ಅಂಗೈಯಲ್ಲಿ ಅಚ್ಚು ಮೂಡುವಷ್ಟು ಬಿಗಿಯಿರಲಿ.

ಪಂಕ್ಚರ್ ಹಾಕುವುದನ್ನು ಎಲ್ಲರೂ ಅವಸರದಲ್ಲಿ ಕೆಡಿಸುತ್ತಾರೆ. ಟ್ಯೂಬ್ ಹೊರತೆಗೆಯುವಾಗ ಅದು ಟೈರಿನಲ್ಲಿ ಯಾವ ಕಡೆಗೆ ಕೂತಿತ್ತೆಂದು ನೆನಪಿಡಿ. ತೂತು ಸಿಕ್ಕಮೇಲೆ ವಾಲ್‌ನಿಂದ ಅಳೆದು ಟೈರಿನ ಅದೇ ಜಾಗದ ಒಳಗೆ ಬೆರಳಾಡಿಸಿದರೆ ಮುಳ್ಳು ಸಿಗುತ್ತದೆ. ಮೆಲ್ಲಗೆ ಆಡಿಸಿ, ಅದು ಬೆರಳಿಗೂ ಚುಚ್ಚುತ್ತದೆ. ಮುಳ್ಳು ತೆಗೆಯದೆ ಪ್ಯಾಚ್ ಹಾಕಿದರೆ ಇನ್ನೊಂದು ಪ್ಯಾಚಿಗೆ ತಯಾರಾಗಿರಿ. ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ, ಕಂಡರೆ ಮುಳ್ಳು ಹುಡುಕಬೇಡಿ: ಗಾಳಿ ಕಡಿಮೆಯಿದ್ದು ಗುಂಡಿಯಲ್ಲಿ ರಿಮ್ಮೇ ಟ್ಯೂಬನ್ನು ಕಚ್ಚಿದೆ. ಉಪ್ಪುಕಾಗದದಿಂದ ಉಜ್ಜಿ, ಪ್ಯಾಚಿಗಿಂತ ಅಗಲಕ್ಕೆ ಸೊಲ್ಯೂಷನ್ ತೆಳ್ಳಗೆ ಸವರಿ, ಐದು ನಿಮಿಷ ಸುಮ್ಮನೆ ಕೂರಿ. ಹೊಳಪು ಹೋಗಿ ಮುಟ್ಟಿದರೆ ಅಂಟಂಟಾದಾಗ ಪ್ಯಾಚ್ ಒತ್ತಿ. ಹಸಿಯಿದ್ದಾಗಲೇ ಒತ್ತಿದ್ದು ನಿಲ್ಲುವುದಿಲ್ಲ.

ಚೈನಿಗೆ ಎಣ್ಣೆ ಹೆಚ್ಚಾದರೂ ತೊಂದರೆ, ಧೂಳು ಹಿಡಿದು ಅರೆಯುವ ಕಲ್ಲಾಗುತ್ತದೆ. ಬಟ್ಟೆಯಿಂದ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ತೊಟ್ಟು ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಒರೆಸಿ. ತುಕ್ಕು ಬಿಡಿಸುವ ಸ್ಪ್ರೇ ಚೈನ್ ಎಣ್ಣೆಯಲ್ಲ. ವರ್ಷಕ್ಕೊಮ್ಮೆ ಸ್ಕೇಲ್ ಹಿಡಿದು ಅಳೆಯಿರಿ: ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, 24 ಕೊಂಡಿಗೆ ಸರಿಯಾಗಿ 12 ಇಂಚು. ಅದರ ಮೇಲೆ 1/16 ಇಂಚು ಹೆಚ್ಚಾಗಿದ್ದರೆ ಚೈನ್ ಬದಲಿಸಿ; 1/8 ಆಗುವ ತನಕ ಬಿಟ್ಟರೆ ಹಿಂದಿನ ಹಲ್ಲುಚಕ್ರವೂ ಸವೆದಿರುತ್ತದೆ. ಚಕ್ರದ ಡೊಂಕು ತೆಗೆಯುವುದು, ಫ್ರೇಮಿನ ಬಿರುಕು, ಇವೆರಡನ್ನು ಮೆಕ್ಯಾನಿಕ್‌ಗೆ ಬಿಡಿ.

ಕೊನೆಯ ದಿನ ಅವರು ಬರುವ ಮುಂಚೆಯೇ ನಾನು ಆರೂ ಸೈಕಲ್‌ಗಳಲ್ಲಿ ಒಂದೊಂದು ತಪ್ಪು ಮಾಡಿಟ್ಟಿರುತ್ತೇನೆ. ಒಂದರ ಗಾಳಿ ಇಳಿಸಿ, ಒಂದರ ಬ್ರೇಕ್ ತಂತಿ ಸಡಿಲಿಸಿ, ಒಂದರ ಸೀಟು ತಿರುಗುವಂತೆ ಬಿಟ್ಟು. ಹುಡುಕಿ ಸರಿಮಾಡಿದವರು ರಸ್ತೆಗೆ. ಹೋದ ಬ್ಯಾಚಿನಲ್ಲಿ ಒಬ್ಬರು ಬಂದು ಏಳನೆಯ ತಪ್ಪೂ ಸಿಕ್ಕಿತು ಅಂದರು. ನಾನು ಮಾಡಿದ್ದು ಆರೇ ಎಂದೆ. ಅವರು ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ ತೋರಿಸಿದರು. ಹಿಂದಿನ ದೀಪ ಹೊತ್ತುತ್ತಿರಲಿಲ್ಲ.