ಆಷಾಢದಲ್ಲಿ ಗುರುತು, ಮಾಘದಲ್ಲಿ ದುರಸ್ತಿ: ಕಡಲೂರಿನ ಫ್ಲ್ಯಾಟ್ ನೋಡಿಕೊಳ್ಳುವ ಕ್ರಮ

ಕಾರವಾರದ ಕೋಡಿಬಾಗ, ಹಬ್ಬುವಾಡ, ಕಾಜುಬಾಗಗಳಲ್ಲಿ ಅಪಾರ್ಟ್‌ಮೆಂಟ್‌ಗಳು ಈಗ ಸಾಮಾನ್ಯ. ಆದರೆ ಹಳೆಯ ಮನೆಗಳಿಗಿದ್ದ ಇಳಿಜಾರು ಹೆಂಚಿನ ಮಾಡಾಗಲಿ, ಗೋಡೆಯಿಂದ ಮುಂದಕ್ಕೆ ಚಾಚಿದ ಸೂರಾಗಲಿ, ಮಳೆಗೆ ಮುಂಚೆ ಜಗಲಿಗೆ ಕಟ್ಟುತ್ತಿದ್ದ ಮಡಲಿನ ತಟ್ಟಿಯಾಗಲಿ ಈ ಕಟ್ಟಡಗಳಿಗಿಲ್ಲ. ವರ್ಷಕ್ಕೆ ಸುಮಾರು 3000 ಮಿ.ಮೀ. ಬೀಳುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ, ಅದೂ ಪಡುವಣ ಗಾಳಿಯೊಂದಿಗೆ ಓರೆಯಾಗಿ ಸುರಿಯುವುದರಿಂದ, ಸಮುದ್ರದ ಕಡೆಯ ಗೋಡೆಗೇ ಹೆಚ್ಚು ಪೆಟ್ಟು. ಅನೇಕ ಸಂಘಗಳು ಮೇ ಕೊನೆಯಲ್ಲಿ ಎಚ್ಚೆತ್ತು ಟೆರೇಸಿಗೆ ಅವಸರದಲ್ಲಿ ವಾಟರ್‌ಪ್ರೂಫಿಂಗ್ ಬಳಿಸುತ್ತವೆ. ಇದು ತಲೆಕೆಳಗಾದ ಕ್ರಮ. ಮಳೆಗಾಲವನ್ನು ತಪಾಸಣೆಗೂ ಚಳಿಗಾಲವನ್ನು ದುರಸ್ತಿಗೂ ಇಟ್ಟುಕೊಂಡರೆ ಬೇಸಿಗೆಗೆ ಉಳಿಯುವುದು ಸ್ವಚ್ಛತೆಯ ಕೆಲಸ ಮಾತ್ರ.

ಆದ್ದರಿಂದ ಮೊದಲ ಹೆಜ್ಜೆ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ನಡುವೆ, ಅಂದರೆ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ. ಗೋಡೆ ಮತ್ತು ಛಾವಣಿಯಲ್ಲಿ ತೇವ ಕಂಡ ಜಾಗದ ಅಂಚನ್ನು ಪೆನ್ಸಿಲ್‌ನಿಂದ ಗುರುತಿಸಿ, ಪಕ್ಕದಲ್ಲಿ ದಿನಾಂಕ ಬರೆದು, ಫೋಟೊ ತೆಗೆದಿಟ್ಟುಕೊಳ್ಳಬೇಕು. ಬಿಸಿಲು ಬಂದ ಮೇಲೆ ಈ ಕಲೆಗಳು ಮಾಸುತ್ತವೆ. ಆಗ ಗುತ್ತಿಗೆದಾರ ಅಂದಾಜಿನ ಮೇಲೆ ಗೋಡೆ ಒಡೆಯುತ್ತಾನೆ. ಮಳೆ ನಿಂತು ವಾರಗಳಾದರೂ ಕಲೆ ಹಸಿಯಾಗಿಯೇ ಇದ್ದರೆ ತಪ್ಪು ಮಳೆಯದ್ದಲ್ಲ, ಮೇಲಿನ ಮನೆಯ ಬಚ್ಚಲು ಅಥವಾ ನಲ್ಲಿಯ ಪೈಪಿನದ್ದು ಎಂದು ತಿಳಿಯಬಹುದು. ಕಿಟಕಿಯ ಕೆಳಗಷ್ಟೇ ತೇವವಿದ್ದರೆ ಗೋಡೆಗೆ ಕೈಹಾಕುವ ಮೊದಲು ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಹಳಿಯನ್ನು ನೋಡಬೇಕು. ನೀರು ಹೊರಹೋಗಲೆಂದು ಅದರ ಹೊರ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಧೂಳು ಮತ್ತು ಸತ್ತ ಹುಳುಗಳಿಂದ ಅವು ಮುಚ್ಚಿಕೊಂಡಾಗ ಎರಚಲು ನೀರು ಹಳಿಯಲ್ಲಿ ತುಂಬಿ ಒಳಗೆ ಇಳಿಯುತ್ತದೆ. ಒಂದು ಕಡ್ಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಇದ್ದರೆ ಸಾಕು.

ಆ ತಿಂಗಳುಗಳಲ್ಲಿ ಕಿಟಕಿ ತೆರೆದಿಟ್ಟರೆ ಮನೆ ಒಣಗುತ್ತದೆ ಎಂಬ ನಂಬಿಕೆ ಕರಾವಳಿಗೆ ಹೊಂದುವುದಿಲ್ಲ, ಏಕೆಂದರೆ ಹೊರಗಿನ ಗಾಳಿಯಲ್ಲೇ ತೇವ ತುಂಬಿರುತ್ತದೆ. ಅಡುಗೆ ಮತ್ತು ಸ್ನಾನದ ಹಬೆಯನ್ನು ಎಕ್ಸಾಸ್ಟ್ ಫ್ಯಾನ್‌ನಿಂದ ಹೊರಹಾಕಬೇಕು. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರಡದೆ ಬಾಲ್ಕನಿಯಲ್ಲೋ, ಬಾಗಿಲು ಮುಚ್ಚಿ ಫ್ಯಾನ್ ಹಾಕಿದ ಒಂದೇ ಕೋಣೆಯಲ್ಲೋ ಒಣಗಿಸಬೇಕು. ಕಪಾಟುಗಳನ್ನು ಪಶ್ಚಿಮದ ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿದರೆ ಹಿಂಬದಿಯಲ್ಲಿ ಗಾಳಿಯಾಡಿ ಬೂಸಲು ಕಡಿಮೆಯಾಗುತ್ತದೆ. ಹೂಕುಂಡದ ತಟ್ಟೆಗಳ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಬೇಕು, ಏಕೆಂದರೆ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವ ಹಂತಕ್ಕೆ ಬರಲು ಸುಮಾರು ಏಳರಿಂದ ಹತ್ತು ದಿನ ಸಾಕು.

ಎರಡನೆಯ ಹೆಜ್ಜೆ ದೀಪಾವಳಿಯ ಹೊತ್ತಿಗೆ, ಉಪ್ಪಿನ ಲೆಕ್ಕ ನೋಡುವುದು. ಕಡಲ ಗಾಳಿ ತರುವ ಉಪ್ಪು ಕಾಂಕ್ರೀಟಿನ ಸಣ್ಣ ಬಿರುಕುಗಳಲ್ಲಿ ಇಳಿದು ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಸಿಮೆಂಟನ್ನು ಒಳಗಿನಿಂದಲೇ ತಳ್ಳಿ ಸಿಡಿಸುತ್ತದೆ. ಬಾಲ್ಕನಿಯ ಅಡಿಭಾಗ, ಸಜ್ಜಾ ಮತ್ತು ಕಂಬಗಳ ಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಅಲ್ಲಿ ಈ ಕೆಲಸ ಶುರುವಾಗಿದೆ ಎಂದರ್ಥ. ಅದರ ಮೇಲೆ ಬಣ್ಣ ಬಳಿಯುವುದು ಬರೀ ಕಣ್ಣೊರೆಸುವ ತಂತ್ರ. ಸಡಿಲವಾದ ಸಿಮೆಂಟನ್ನು ಕೆತ್ತಿ, ಸರಳಿನ ತುಕ್ಕನ್ನು ಪೂರ್ತಿ ಉಜ್ಜಿ ತೆಗೆದು, ತುಕ್ಕುನಿರೋಧಕ ಲೇಪ ಕೊಟ್ಟು, ಪಾಲಿಮರ್ ಬೆರೆಸಿದ ಗಾರೆಯಿಂದ ಮುಚ್ಚಬೇಕು. ಕಂಬ ಅಥವಾ ತೊಲೆಯಲ್ಲಿ ಸರಳೇ ಹೊರಗೆ ಕಂಡರೆ ಮೇಸ್ತ್ರಿಗಿಂತ ಮೊದಲು ಎಂಜಿನಿಯರನ್ನು ಕರೆಯಬೇಕು.

ಈ ದುರಸ್ತಿಗೆ ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಒಣ ಹವೆಯೇ ತಕ್ಕದ್ದು. ಹಸಿ ಗೋಡೆಗೆ ಬಳಿದ ಬಣ್ಣ ಗುಳ್ಳೆಯೆದ್ದು ಉದುರುತ್ತದೆ; ಹೊಸ ಗಿಲಾವಿಗೂ ಬಣ್ಣಕ್ಕೆ ಮುನ್ನ ಸುಮಾರು ನಾಲ್ಕು ವಾರ ಬಿಡುವು ಬೇಕು. ಟೆರೇಸಿನ ಕೆಲಸ ಮುಗಿದ ಮೇಲೆ ಪೈಪಿನ ಬಾಯಿಗಳನ್ನು ಮುಚ್ಚಿ, ಎರಡು ಬೆರಳು ಆಳಕ್ಕೆ ನೀರು ನಿಲ್ಲಿಸಿ, ಒಂದೆರಡು ದಿನ ಕೆಳಗಿನ ಛಾವಣಿಯನ್ನು ಗಮನಿಸಿಯೇ ಗುತ್ತಿಗೆದಾರನ ಬಾಕಿ ಹಣ ಕೊಡುವುದು ಒಳ್ಳೆಯದು. ಬೇಸಿಗೆಯಲ್ಲಿ ಬಾವಿಯ ತಳ ಕಂಡಾಗ ಈ ಪರೀಕ್ಷೆಗೆ ನೀರೂ ಸಿಗದು. ಖರ್ಚು ಯಾರದ್ದು ಎಂಬ ಜಗಳ ಇಲ್ಲೇ ಹುಟ್ಟುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಛಾವಣಿ, ಕಂಬ, ತೊಲೆ, ಮುಖ್ಯ ಗೋಡೆಗಳನ್ನು ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ಭಾಗವೆಂದೇ ಪರಿಗಣಿಸುತ್ತದೆ. ಹಾಗಾಗಿ ಟೆರೇಸ್ ಸೋರಿಕೆಯನ್ನು ಮೇಲಂತಸ್ತಿನವರ ಹಣೆಬರಹ ಎಂದು ಬಿಟ್ಟುಬಿಡುವುದು ನ್ಯಾಯವಲ್ಲ.

ಏಪ್ರಿಲ್‌ನಲ್ಲಿ ಮೇಲಂತಸ್ತಿನ ಸೆಕೆ ತಗ್ಗಿಸಲು ಟೆರೇಸಿಗೆ ಬಿಳಿಯ ಲೇಪ ಬಳಿಯಬಹುದು. ಹಲಸಿನ ಹಪ್ಪಳ ಒಣಗಿಸುವವರನ್ನು ಕೇಳದೆ ಆ ಕೆಲಸಕ್ಕೆ ದಿನ ಗೊತ್ತುಮಾಡಿದರೆ ಸಂಘದ ಕಾರ್ಯದರ್ಶಿಗೆ ಉಳಿಗಾಲವಿಲ್ಲ. ಮಧ್ಯಾಹ್ನ ಕಡಲಿನಿಂದ ಗಾಳಿ ಬೀಸುವಾಗ ಪಶ್ಚಿಮದ ಕಿಟಕಿಯನ್ನೂ, ರಾತ್ರಿ ನೆಲದ ಕಡೆಯಿಂದ ಬೀಸುವಾಗ ಪೂರ್ವದ್ದನ್ನೂ ತೆರೆದರೆ ಏಸಿಯ ಬಿಲ್ಲು ಇಳಿಯುತ್ತದೆ. ಮೇ ಮಧ್ಯದೊಳಗೆ ಟೆರೇಸಿನ ಪೈಪುಗಳ ಬಾಯಿ, ಸಂಪಿನ ಮುಚ್ಚಳ, ಲಿಫ್ಟಿನ ತಳದ ಹೊಂಡ ಇವುಗಳನ್ನು ನೋಡಿ, ಮೀಟರ್ ಬೋರ್ಡಿನ ಆರ್‌ಸಿಸಿಬಿಯ (ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು) ಟೆಸ್ಟ್ ಗುಂಡಿ ಒತ್ತಿ ಅದು ಸಂಪರ್ಕ ಕಡಿಯುತ್ತದೆಯೇ ಎಂದು ಪರೀಕ್ಷಿಸಬೇಕು.

ಘಟ್ಟದ ಮೇಲಿನ ಶಿರಸಿಯಲ್ಲಿ ಕಡಲ ಉಪ್ಪಿನ ಕಾಟವಿಲ್ಲ. ಅಲ್ಲಿನ ಶತ್ರು ಬಿಸಿಲು ತಾಗದ ಗೋಡೆಯ ಪಾಚಿ. ಅದನ್ನು ಉಜ್ಜಿ ತೆಗೆದು, ಪಾಚಿನಾಶಕ ಹಚ್ಚಿ, ಒಣಗಿದ ಮೇಲೆ ಬಣ್ಣ ಬಳಿಯಬೇಕು. ಚಳಿಗಾಲದಲ್ಲಿ ಬೆಳಗಿನ ಇಬ್ಬನಿ ಗೋಡೆಯ ಮೇಲೆ ಆರುವವರೆಗೆ ಪೇಂಟರ್ ಬ್ರಷ್ ಹಿಡಿಯದಂತೆಯೂ, ಸಂಜೆ ತಂಪಿಳಿಯುವ ಮೊದಲೇ ಕೆಲಸ ನಿಲ್ಲಿಸುವಂತೆಯೂ ಮೊದಲೇ ಹೇಳಿಟ್ಟಿರಬೇಕು.